ಪರದೆಯ ಹಿಂದೆ ಹೋಗಿದ್ದವನು

ಬಹಳ ಕಾಲ ಬಾಯಿ ಮುಚ್ಚಿಕೊಂಡಿದ್ದವರಿಗೆ ಮಾತಾಡಿ ಎಂದರೆ ಮೊದಲು ಬರುವುದು ಮಾತಲ್ಲ, ಕೆಮ್ಮು. ಹಿಂದಿನವರು ಅಧಿಕಾರ ಬಿಟ್ಟು ಹೋದ ಮೇಲೆ ನಮ್ಮ ಬೀದಿಯಲ್ಲಿ ಆದದ್ದೂ ಅದೇ. ಹಿಂದಿನವರು ಎಂದರೆ ಆ ಒಂದೇ ಪಕ್ಷ. ಅದರ ಹೆಸರನ್ನು ಜೋರಾಗಿ ಹೇಳುವ ಅಭ್ಯಾಸ ಆಗಲೂ ಇರಲಿಲ್ಲ, ಈಗಲೂ ಬರಲಿಲ್ಲ. ಒಂದಷ್ಟು ದಿನ ಎಲ್ಲರೂ ಗಂಟಲು ಸರಿಮಾಡಿಕೊಂಡರು. ಆಮೇಲೆ ಶುರುವಾಯಿತು ನೋಡಿ, ನಿಲ್ಲಿಸುವವರೇ ಇಲ್ಲ. ಕ್ಷೌರದವನು ಅರ್ಧ ಗಡ್ಡ ಹೆರೆದು, ಇನ್ನರ್ಧದ ಮೇಲೆ ಸೋಪು ಒಣಗುವವರೆಗೆ ರಾಜಕೀಯ ಹೇಳುತ್ತಿದ್ದ. ನಿಜವಾದ ಚುನಾವಣೆ ಬರುತ್ತದಂತೆ, ಹನ್ನೊಂದು ಜನ ನಿಂತಿದ್ದಾರಂತೆ, ಯಾರಿಗೆ ಬೇಕಾದರೂ ಹಾಕಬಹುದಂತೆ. ಬೀದಿಯ ತುಂಬ ಅಂತೆಕಂತೆಗಳ ಸಂತೆ.

ಈ ಸಂತೆಯ ನಡುವೆ ನಮ್ಮ ಶಾಲೆಯ ಟೀಚರಮ್ಮನನ್ನು ಮತಗಟ್ಟೆಯ ಅಧಿಕಾರಿ ಎಂದು ನೇಮಿಸಿದರು. ಭೂಗೋಳ ಕಲಿಸುವವಳು. ಗಂಡ ತೀರಿಕೊಂಡ ಮೇಲೆ ಶಾಲೆಯೇ ಮನೆ ಎಂದುಕೊಂಡವಳು. ದಿನಾ ಬೆಳಗ್ಗೆ ದೇವರಿಗೆ ಕೈ ಮುಗಿಯುವಾಗ ಮಳೆ ಬೆಳೆ ಕೇಳುವ ಬದಲು, "ನಮ್ಮ ಜನಕ್ಕೆ ಒಂದು ಸಲ ಒಳ್ಳೆಯದಾಗಲಿ ಸ್ವಾಮಿ" ಎಂದು ಕೇಳುತ್ತಿದ್ದವಳು. ಒಳ್ಳೆಯದು ಬಾಗಿಲಿಗೆ ಬಂದು ನಿಂತಾಗ ಎಷ್ಟು ತಲೆನೋವು ತರುತ್ತದೆ ಎಂಬುದು ಅವಳಿಗೆ ಆಗ ಗೊತ್ತಿರಲಿಲ್ಲ.

ಚುನಾವಣೆಗೆ ಮುಂಚಿನ ಭಾನುವಾರ ಅವಳು ಶಾಲೆಯಲ್ಲಿ ತಾಲೀಮು ಇಟ್ಟಳು. ಬೀದಿಯವರನ್ನೆಲ್ಲ ಕರೆದು ದೀಪ, ಛತ್ರಿ, ಗಾಲಿಯ ಚಿತ್ರಗಳಿದ್ದ ಚೀಟಿ ಕೊಟ್ಟಳು. "ಯಾವುದು ಇಷ್ಟವೋ ಅದರ ಮುಂದೆ ಗುರುತು ಹಾಕಿ. ಆ ಪರದೆಯ ಹಿಂದೆ ಹೋಗಿ ಹಾಕಿ. ಮಡಚಿ ಪೆಟ್ಟಿಗೆಯೊಳಗೆ ಬಿಡಿ. ಅಷ್ಟೇ" ಎಂದಳು. ಪರದೆ ಎಂದರೆ ಅವಳ ಮನೆಯ ಹಳೆಯ ಹೊದಿಕೆ, ತರಗತಿಯ ಮೂಲೆಯಲ್ಲಿ ಹಗ್ಗಕ್ಕೆ ನೇತುಹಾಕಿದ್ದು.

ಮೊದಲು ಹಾಲಿನಜ್ಜಿ ಬಂದಳು. ಮನೆಮನೆಗೆ ಹಾಲು ಹಾಕುವ ಅಜ್ಜಿ.

"ಯಾವುದಕ್ಕೆ ಹಾಕಬೇಕಂತೆ?"

"ಅಂತೆ ಏನೂ ಇಲ್ಲ ಅಜ್ಜಿ. ನಿಮ್ಮಿಷ್ಟ."

"ನನ್ನಿಷ್ಟ ಹಾಗಿರಲಿ ತಾಯಿ. ಅವರಿಗೆ ಯಾವುದು ಇಷ್ಟ, ಅದು ಹೇಳು."

"ಯಾರಿಗೆ?"

ಅಜ್ಜಿ ಸೂರಿನ ಕಡೆಗೆ ಕಣ್ಣು ತಿರುಗಿಸಿದಳು. ದೇವರಿಗಲ್ಲ, ದೇವರಿಗಿಂತ ಸ್ವಲ್ಪ ಕೆಳಗೆ ಕೂತವರಿಗೆ. ಆಮೇಲೆ ಟೀಚರಮ್ಮನ ಮೇಜಿನ ಮೇಲೇ ಚೀಟಿ ಇಟ್ಟು, ಮೇಲುಗಡೆ ಇದ್ದ ದೀಪದ ಮುಂದೆ ಗುರುತು ಎಳೆದು, "ಸರಿಯಾಯಿತಾ?" ಎಂದು ಎತ್ತಿ ತೋರಿಸಿದಳು. ಹಿಂದೆ ನಿಂತವರೆಲ್ಲ ಅದನ್ನು ನೋಡಿಕೊಂಡರು. ಒಬ್ಬರಾದರೂ ಪರದೆಯ ಕಡೆ ಹೋಗಲಿಲ್ಲ. ಎಲ್ಲರೂ ಮೇಜಿನ ಮೇಲೇ ಗುರುತು ಹಾಕಿ, ಎಲ್ಲರೂ ತೋರಿಸಿ, ಪೆಟ್ಟಿಗೆಗೆ ಬಿಟ್ಟರು. ತೆಗೆದು ನೋಡಿದರೆ ಛತ್ರಿಗೂ ಇಲ್ಲ, ಗಾಲಿಗೂ ಇಲ್ಲ, ಬರೀ ದೀಪ.

"ಸರ್ವಾನುಮತ" ಎಂದ ಕ್ಷೌರದವನು. "ಚಪ್ಪಾಳೆ ಈಗಲೇ ತಟ್ಟೋದಾ, ಮೇಲಿನವರು ಬಂದ ಮೇಲಾ?"

ಅವನು ತಮಾಷೆಗೆ ಅಂದದ್ದು. ಜನ ಮಾತ್ರ ತಟ್ಟಿಯೇ ಬಿಟ್ಟರು. ಟೀಚರಮ್ಮ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕುಳಿತಳು.

ಅವರದು ದಡ್ಡತನ ಎಂದರೆ ಪಾಪ ಬರುತ್ತದೆ. ಹಿಂದಿನವರ ಕಾಲದಲ್ಲೂ ಚುನಾವಣೆ ಇತ್ತು. ಚೀಟಿಯಲ್ಲಿ ಒಂದೇ ಹೆಸರು. ಕೈಗೆ ಕೊಟ್ಟದ್ದನ್ನು ಹಾಗೇ ಮಡಚಿ ಪೆಟ್ಟಿಗೆಗೆ ಹಾಕಿ, ಬಾಗಿಲಲ್ಲಿ ಕುಳಿತವನಿಗೆ ನಮಸ್ಕಾರ ಹೇಳಿ ಮನೆಗೆ ಬರುವುದು. ಕೋಣೆಯ ಮೂಲೆಯಲ್ಲಿ ಆಗಲೂ ಒಂದು ಪರದೆ ಇರುತ್ತಿತ್ತು, ಕೆಂಪು ಬಣ್ಣದ್ದು, ಇಸ್ತ್ರಿ ಮಾಡಿದ್ದು. ಹೆಸರು ಒಪ್ಪಿಗೆಯಿಲ್ಲದವರು ಅಲ್ಲಿ ಹೋಗಿ ಅದರ ಮೇಲೆ ಗೆರೆ ಎಳೆದು ಹೊಡೆದುಹಾಕಬಹುದು ಎಂದು ಕಾನೂನಿನಲ್ಲಿತ್ತು. ಹೋದವರ ಗತಿ ಏನಾಗುತ್ತದೆ ಎಂಬುದು ಕಾನೂನಿನಲ್ಲಿ ಇರಲಿಲ್ಲ. ಮುಚ್ಚಿಡುವುದು ಏನೂ ಇಲ್ಲದವನಿಗೆ ಪರದೆ ಯಾಕೆ? ಹಾಗಾಗಿ ಜನ ಆ ಮೂಲೆಯ ಕಡೆ ನೆರಳು ಕೂಡ ಬೀಳದಂತೆ ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದರು.

ನಮ್ಮ ಬೀದಿಯಿಂದ ಒಬ್ಬನೇ ಒಬ್ಬ ಅದರ ಹಿಂದೆ ಹೋಗಿದ್ದ. ಟೀಚರಮ್ಮನ ಸ್ವಂತ ಅಣ್ಣ. ಆಗ ನೀರಿನ ಪಂಪ್‌ಹೌಸಿನಲ್ಲಿ ಕೆಲಸ, ಸರ್ಕಾರಿ ಸಂಬಳ, ತೋಳಿನ ಮೇಲೆ ಬಿಲ್ಲೆ. ಪರದೆಯಿಂದ ಹೊರಗೆ ಬಂದ, ವಾರ ಕಳೆಯುವುದರೊಳಗೆ ಕೆಲಸದಿಂದಲೂ ಹೊರಗೆ. ಆಮೇಲೆ ಮಾವನ ಹಾಸಿಗೆ ಅಂಗಡಿ ಸೇರಿ, ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತ ಕೂದಲು ಹಣ್ಣಾದವು. ಹತ್ತಿಯಿಂದ ಬಿಳಿಯೋ ವಯಸ್ಸಿನಿಂದ ಬಿಳಿಯೋ ಹೇಳುವುದು ಕಷ್ಟ. ಬೀದಿ ಅವನಿಗೆ ಪರದೆಯಣ್ಣ ಎಂದು ಹೆಸರಿಟ್ಟಿತು. ತಾಯಂದಿರು ಹಟ ಮಾಡುವ ಮಕ್ಕಳಿಗೆ, "ಹೇಳಿದ್ದು ಕೇಳು, ಇಲ್ಲದಿದ್ದರೆ ಪರದೆಯಣ್ಣನ ಹಾಗೆ ಹತ್ತಿ ಹಿಂಜಬೇಕಾಗುತ್ತೆ" ಎನ್ನುತ್ತಿದ್ದರು. ಅವನ ಎದುರಿಗೇ ಎನ್ನುತ್ತಿದ್ದರು.

ತಾಲೀಮಿನ ಮರುದಿನ ಟೀಚರಮ್ಮ ಅಣ್ಣನ ಅಂಗಡಿಗೆ ಹೋದಳು. ಅವನು ಹಾಸಿಗೆಯ ಮೇಲೆ ಮಂಡಿಯೂರಿ ದಬ್ಬಣದಲ್ಲಿ ಅಂಚು ಕಟ್ಟುತ್ತಿದ್ದ. ಅತ್ತಿಗೆ ಪಕ್ಕದಲ್ಲಿ ಕುಳಿತು ದಿಂಬಿಗೆ ಹತ್ತಿ ತುಂಬುತ್ತಿದ್ದಳು.

"ಅಣ್ಣ, ಪರದೆಗೆ ದಪ್ಪ ಬಟ್ಟೆ ಬೇಕು. ನನ್ನ ಹೊದಿಕೆಯಲ್ಲಿ ಆಚೆಗಿರೋರ ಮೂಗು ಕೂಡ ಕಾಣುತ್ತೆ. ಪಟ್ಟಣದಿಂದ ಕಳಿಸ್ತೀವಿ ಅಂದವರು ಇನ್ನೂ ಕಳಿಸಿಲ್ಲ."

"ಹಾಸಿಗೆ ಬಟ್ಟೆ ಇದೆ. ಪಟ್ಟೆ ಪಟ್ಟೆಯದ್ದು. ಗುಂಡು ಹೊಡೆದರೂ ತೂರಲ್ಲ."

"ಗುಂಡಿನ ಮಾತು ಬೇಡ. ಹೊಲಿದು ಕೊಡು. ಮತ್ತೆ ಇನ್ನೊಂದು."

"ಅದು ಆಗಲ್ಲ."

"ನಾನು ಇನ್ನೂ ಹೇಳೇ ಇಲ್ಲ."

"ನೀನು ಇನ್ನೊಂದು ಅಂದಾಗೆಲ್ಲ ನನಗೆ ಗೊತ್ತಾಗುತ್ತೆ ಕಣೇ. ಚಿಕ್ಕಂದಿನಿಂದ ನೋಡಿದ್ದೀನಿ. ನಾನು ಓಟು ಹಾಕಲ್ಲ."

ಟೀಚರಮ್ಮ ಹತ್ತಿಯ ಮೂಟೆಯ ಮೇಲೆ ಕುಳಿತಳು. ತಾಲೀಮಿನ ಕಥೆ ಹೇಳಿದಳು. ಚೀಟಿಯನ್ನು ಹೊರಗೆ ತೋರಿಸಿದರೆ ಅದು ರದ್ದು, ಅದೇ ಹೊಸ ಕಾನೂನು. ಬದಲಿಗೆ ಇನ್ನೊಂದು ಚೀಟಿ ಕೊಡಬಹುದು, ಮೂರನೆಯದಿಲ್ಲ. ಎಲ್ಲರೂ ನಿನ್ನೆಯ ಹಾಗೇ ಮಾಡಿದರೆ ಇಡೀ ಬೀದಿಯ ಓಟು ಕಸದ ಬುಟ್ಟಿಗೆ. "ಪರದೆ ಅಂದ ಕೂಡಲೇ ಅವರಿಗೆ ನೀನು ನೆನಪಾಗ್ತೀಯ. ಹಾವು ಕಚ್ಚಿದ್ದು ನಿನಗೆ, ಹಗ್ಗ ಕಂಡರೆ ಹೆದರೋದು ಅವರು. ನೀನು ಮೊದಲು ಒಳಗೆ ಹೋಗಿ ಬಂದರೆ ಉಳಿದವರೂ ಹೋಗ್ತಾರೆ. ನೀನು ಹೋಗದಿದ್ದರೆ ಒಬ್ಬರೂ ಹೋಗಲ್ಲ."

"ಹೋಗಿ ಯಾರಿಗೆ ಹಾಕಲಿ? ಹನ್ನೊಂದು ಜನರಲ್ಲಿ ಒಬ್ಬ ನನ್ನನ್ನ ಕೆಲಸದಿಂದ ತೆಗೆದ ಸಾಹೇಬ. ಆಗ ಮೀಸೆ ಇತ್ತು. ಈಗ ಮೀಸೆ ತೆಗೆಸಿಕೊಂಡು ಜನರ ಸೇವಕ ಆಗಿದ್ದಾನೆ. ಇನ್ನೊಬ್ಬನಿಗೆ ಮಾತು ಮುಗಿಸೋದೇ ಗೊತ್ತಿಲ್ಲ. ಮತ್ತೊಬ್ಬ ಎಲ್ಲರಿಗೂ ಎಲ್ಲ ಕೊಡ್ತೀನಿ ಅಂತಾನೆ, ಅವನ ಮನೆ ದಿಂಬು ನಾನು ಹೊಲಿದಿದ್ದು, ಅವನು ಏನು ಕೊಡ್ತಾನೆ ಅಂತ ನನಗೆ ಗೊತ್ತು."

"ಇನ್ನೂ ಎಂಟು ಜನ ಇದ್ದಾರಲ್ಲ."

"ಅವರನ್ನ ನಾನು ಇನ್ನೂ ಬೈದು ನೋಡಿಲ್ಲ."

"ಇವರಿಗೆ ಬೈಯೋಕೆ ಬಿಡುವು ಸಿಗುತ್ತೆ, ಓಟು ಹಾಕೋಕೆ ಸಿಗಲ್ಲ" ಎಂದಳು ಅತ್ತಿಗೆ, ದಿಂಬಿಗೆ ಒಂದು ಗುದ್ದು ಗುದ್ದಿ. "ಇಷ್ಟು ವರ್ಷ ಊರಿನವರ ಬಾಯಲ್ಲಿ ಬಿದ್ದಿದ್ದು ಸಾಕಾಯ್ತು, ಒಂದು ಸಲ ತಲೆ ಎತ್ತಿ ಹೋಗಿ ಬನ್ನಿ ಅಂದರೆ ಕೇಳಬೇಕಲ್ಲ. ಕೋಣನ ಮುಂದೆ ಕಿನ್ನರಿ."

ಟೀಚರಮ್ಮ ಕೊನೆಯ ಅಸ್ತ್ರ ತೆಗೆದಳು. "ಪಟ್ಟಣದ ಕಚೇರಿಯವರಿಗೆ ನಿನ್ನ ಬಗ್ಗೆ ಹೇಳಿದ್ದೀನಿ. ಆ ಕಾಲದಲ್ಲೇ ಧೈರ್ಯ ಮಾಡಿದ ಒಬ್ಬನೇ ವೀರ ಅಂತ ನಿನ್ನ ಫೋಟೋ ತೆಗೀತಾರಂತೆ."

ಪರದೆಯಣ್ಣನ ಕೈಯಲ್ಲಿ ದಬ್ಬಣ ನಿಂತಿತು. ಮುಖ ಕೆಂಪಾಯಿತು. "ಯಾರು ಹೇಳು ಅಂದರು ನಿನಗೆ? ವೀರನಂತೆ. ನಾನು ವೀರನೂ ಅಲ್ಲ, ಗೀರನೂ ಅಲ್ಲ. ಫೋಟೋದವನು ಬಂದರೆ ಅವನನ್ನೇ ಹಾಸಿಗೆಯೊಳಗೆ ತುಂಬಿ ಹೊಲಿದುಬಿಡ್ತೀನಿ. ಪರದೆ ನಾಳೆ ಸಂಜೆ ಕೊಡ್ತೀನಿ, ಈಗ ಹೊರಡು."

ಫೋಟೋದವನಿಗೆ ಅವಳು ಬರಬೇಡ ಎಂದಳು. ಪರದೆ ಹೇಳಿದ ಹೊತ್ತಿಗೆ ಬಂತು. ಅಣ್ಣ ಬರುತ್ತಾನೆಯೇ ಇಲ್ಲವೇ ಎಂಬುದು ಮಾತ್ರ ಗೊತ್ತಾಗಲಿಲ್ಲ. ದೇವರ ಮುಂದೆ ಅವಳು ಆ ವಾರ ಬೇರೇನನ್ನೂ ಕೇಳಲಿಲ್ಲ.

ಚುನಾವಣೆಯ ದಿನ ಬೆಳಗಾಗುವ ಮುಂಚೆಯೇ ಶಾಲೆಯ ಬಾಗಿಲಿಂದ ಬೀದಿಯ ತಿರುವಿನವರೆಗೆ ಸಾಲು ನಿಂತಿತ್ತು. ಎಲ್ಲರೂ ಒಗೆದ ಬಟ್ಟೆ ಉಟ್ಟಿದ್ದರು. ಮದುವೆಗೆ ಹೊರಟವರ ಮುಖವೂ ಅಲ್ಲ, ಮಣ್ಣಿಗೆ ಹೊರಟವರ ಮುಖವೂ ಅಲ್ಲ, ಎರಡರ ನಡುವಿನದು. ಟೀಚರಮ್ಮ ಖಾಲಿ ಪೆಟ್ಟಿಗೆಯನ್ನು ಬೋರಲು ಮಾಡಿ ಎಲ್ಲರಿಗೂ ತೋರಿಸಿ ಬೀಗ ಹಾಕಿದಳು. ಅಭ್ಯರ್ಥಿಗಳ ಕಡೆಯವರು ಗೋಡೆಯ ಪಕ್ಕದ ಬೆಂಚಿನಲ್ಲಿ ಸಾಲಾಗಿ ಕುಳಿತರು.

ಹಾಲಿನಜ್ಜಿ ಮೊದಲು. ಎಷ್ಟು ಹೇಳಿದ್ದರೂ ಚೀಟಿ ಕೈಗೆ ಬಂದದ್ದೇ ತಡ, ಮೇಜಿನ ಮೇಲಿಟ್ಟು ಗುರುತು ಎಳೆದು ಎತ್ತಿ ತೋರಿಸಿದಳು.

"ಅಜ್ಜಿ, ಇದು ರದ್ದು."

"ಯಾಕೆ, ತಪ್ಪು ಆಳಿಗೆ ಹಾಕಿದೆನಾ?"

"ಯಾರಿಗೆ ಹಾಕಿದರೂ ಸರಿ. ತೋರಿಸಿದ್ದು ತಪ್ಪು."

"ತೋರಿಸದಿದ್ದರೆ ಹಾಕಿದೆ ಅಂತ ಯಾರು ನಂಬ್ತಾರೆ?" ಎಂದು ಅಜ್ಜಿ ನ್ಯಾಯ ಕೇಳಿದಳು.

ಟೀಚರಮ್ಮ ಅವಳನ್ನು ಪಕ್ಕಕ್ಕೆ ಕೂರಿಸಿದಳು. ಮುಂದಿನವನು ಕ್ಷೌರದವನು. ಅಂಗಡಿಯಲ್ಲಿ ಹುಲಿಯಂತೆ ಮಾತಾಡುವವನು ಪರದೆಯನ್ನು ಒಂದು ಮೊಳ ಸರಿಸಿ, ಒಳಗೆ ಕಾಲಿಟ್ಟ ಕಾಲಲ್ಲೇ ಹೊರಗೆ ಬಂದು, ಖಾಲಿ ಚೀಟಿಯನ್ನು ಪೆಟ್ಟಿಗೆಗೆ ತುರುಕಿದ. "ಎಲ್ಲರೂ ನೋಡಿದಿರಲ್ಲ, ನಾನು ಒಳಗೆ ನಿಂತೇ ಇಲ್ಲ" ಎಂದ. ಅವನ ಹಿಂದೆ ಬಂದ ದಂಪತಿಯಲ್ಲಿ ಗಂಡನಾದವನು ಹೆಂಡತಿಯ ಚೀಟಿಯನ್ನೂ ಕಿತ್ತುಕೊಂಡು ಇಬ್ಬರದನ್ನೂ ಮೇಜಿನ ಮೇಲೇ ಮುಗಿಸಿದ. ರದ್ದಾದ ಚೀಟಿಗಳು ಒಂದರ ಮೇಲೊಂದು ಬಿದ್ದವು. ಟೀಚರಮ್ಮನ ದನಿ ಒಡೆಯಿತು. ಬೆಂಚಿನಲ್ಲಿದ್ದ ಮೀಸೆ ಬೋಳಿಸಿದ ಸಾಹೇಬನ ಕಡೆಯವನು ಮಾತ್ರ ಕಾಲ ಮೇಲೆ ಕಾಲು ಹಾಕಿ ನಗುತ್ತಿದ್ದ. "ಜನಕ್ಕೆ ಅಭ್ಯಾಸ ಇಲ್ಲ ಮೇಡಂ. ಇವರಿಗೆ ಇದೆಲ್ಲ ಯಾಕೆ ಬೇಕಿತ್ತು?"

ಅಷ್ಟರಲ್ಲಿ ಪರದೆ ದಬಕ್ಕನೆ ಕೆಳಗೆ ಬಿತ್ತು. ಹಾಸಿಗೆ ಬಟ್ಟೆಯ ಭಾರಕ್ಕೆ ಶಾಲೆಯ ಬಡಕಲು ಕಂಬಿ ತಡೆಯಲಿಲ್ಲ, ಪರದೆಯ ಅಂಚಿಗೆ ಹೊಲಿದಿದ್ದ ಬಳೆಗಳೂ ಕಿತ್ತುಬಂದವು. ಮೂಗಿಗಿಂತ ಮೂಗುತಿ ಭಾರ. ಪರದೆಯಿಲ್ಲದೆ ಮತದಾನ ನಡೆಯುವಂತಿಲ್ಲ. ಹೊಲಿದವನಿಗೇ ಹೇಳಿ ಕಳಿಸಿದರು.

ಪರದೆಯಣ್ಣ ಬಿದಿರಿನ ಗಳ, ದಬ್ಬಣ, ದಾರ ಹಿಡಿದು ಗೊಣಗುತ್ತ ಬಂದ. ಹಿಂದೆಯೇ ಅತ್ತಿಗೆ. ಅವನು ಯಾರ ಮುಖವನ್ನೂ ನೋಡದೆ ಮೂಲೆಯಲ್ಲಿ ಕುಳಿತು ಬಳೆಗಳನ್ನು ಬಟ್ಟೆಗೆ ಮತ್ತೆ ಹೊಲಿದ. ಗಳಕ್ಕೆ ಪೋಣಿಸಿ ಎರಡು ಕಡೆಯ ಕೊಂಡಿಗೆ ಏರಿಸಿದ. ಸಾಲು ಮತ್ತೆ ಮುಂದುವರಿಯಿತು. ಅವನು ಹೊರಡಲಿಲ್ಲ. ಗಳ ನಿಲ್ಲುತ್ತದೋ ಇಲ್ಲವೋ ನೋಡುವ ನೆಪದಲ್ಲಿ ಅಲ್ಲೇ ನಿಂತ. ಇಸ್ತ್ರಿಯವನು ಬಂದು ಮೇಜಿನ ಮೇಲೆ ಚೀಟಿ ಹರಡಿದ.

"ಒಳಗೆ ಹೋಗಿ ಹಾಕಪ್ಪಾ" ಎಂದಳು ಟೀಚರಮ್ಮ, ಇಲ್ಲದ ದನಿಯಲ್ಲಿ.

"ಬೇಡ ಟೀಚರಮ್ಮ. ಮನೆಯಲ್ಲಿ ಮಕ್ಕಳಿದ್ದಾರೆ. ಪರದೆಯಣ್ಣನ ಗತಿ ನಮಗೆ ಬೇಡ."

"ಅವರದು ಗಟ್ಟಿ ಗುಂಡಿಗೆ" ಎಂದು ಸಾಲಿನಲ್ಲಿ ಯಾರೋ ಹೇಳಿದರು. "ನಮಗೆಲ್ಲಿಂದ ಬರಬೇಕು?"

ಪರದೆಯಣ್ಣ ದಬ್ಬಣವನ್ನು ಅಂಗಿಯ ಕಾಲರಿಗೆ ಸಿಕ್ಕಿಸಿದ. ಅವನ ಸಹನೆಯ ದಾರ ಅಲ್ಲಿಗೆ ಮುಗಿಯಿತು.

"ಏನ್ರಯ್ಯ ನಿಮ್ಮ ಕಥೆ? ಇಷ್ಟು ವರ್ಷ ನನ್ನ ಹೆಸರು ಹೇಳಿ ಮಕ್ಕಳನ್ನ ಹೆದರಿಸಿದಿರಿ. ಈಗ ನಿಮ್ಮನ್ನ ನೀವೇ ಹೆದರಿಸಿಕೊಳ್ಳೋಕೂ ನಾನೇ ಬೇಕಾ? ನಾನು ಅವತ್ತು ಪರದೆ ಹಿಂದೆ ಯಾಕೆ ಹೋದೆ, ಯಾರಾದರೂ ಒಬ್ಬರು ಕೇಳಿದ್ದೀರಾ?"

ಯಾರೂ ಕೇಳಿರಲಿಲ್ಲ. ಕೇಳುವ ಕಾಲವಾಗಿರಲಿಲ್ಲ ಅದು.

"ಲಾಡಿ ಬಿಚ್ಚಿಹೋಗಿತ್ತು" ಎಂದ ಪರದೆಯಣ್ಣ. "ಪೈಜಾಮದ ಲಾಡಿ. ಒಂದು ಕೈಯಲ್ಲಿ ಚೀಟಿ, ಇನ್ನೊಂದು ಕೈಯಲ್ಲಿ ಪೈಜಾಮ ಹಿಡಿದು ನಿಂತಿದ್ದೆ. ಬಾಗಿಲಲ್ಲಿ ಹೆಂಗಸರು. ಕಟ್ಟಿಕೊಳ್ಳೋಕೆ ಮರೆ ಅಂತ ಇದ್ದದ್ದು ಅದೊಂದೇ. ಹೋದೆ, ಕಟ್ಟಿಕೊಂಡೆ, ಬಂದೆ. ಹೆಸರು ಹೊಡೆಯಲೂ ಇಲ್ಲ, ಗುರುತು ಹಾಕಲೂ ಇಲ್ಲ. ವಿಚಾರಣೆಯಲ್ಲಿ ಸತ್ಯ ಹೇಳಿದೆ. ಚುನಾವಣೆಯನ್ನ ಹಾಸ್ಯ ಮಾಡ್ತೀಯಾ ಅಂತ ಅದನ್ನೂ ಸೇರಿಸಿ ಬರೆದರು."

ಮೊದಲು ನಕ್ಕವಳು ಹಾಲಿನಜ್ಜಿ, ಬೊಚ್ಚುಬಾಯಿ ಬಿಟ್ಟು. ಆಮೇಲೆ ಇಸ್ತ್ರಿಯವನು, ಆಮೇಲೆ ಸಾಲು, ಆಮೇಲೆ ಹೊರಗೆ ನಿಂತು ಏನೂ ಕೇಳಿಸಿಕೊಳ್ಳದವರು. ಕ್ಷೌರದವನು ಕಣ್ಣೊರೆಸಿಕೊಳ್ಳುತ್ತ, "ಅಯ್ಯೋ ಪುಣ್ಯಾತ್ಮ, ಇಷ್ಟಕ್ಕೆ ನಾವು ಇಷ್ಟು ವರ್ಷ ಗೋಡೆಗೆ ಅಂಟಿಕೊಂಡು ನಡೆದೆವಾ" ಎಂದ. ಅತ್ತಿಗೆ ಮಾತ್ರ ನಗಲಿಲ್ಲ. "ನನಗಾದರೂ ಹೇಳಬಾರದಿತ್ತಾ? ಆ ಲಾಡಿ ಹಾಕಿಕೊಟ್ಟವಳು ನಾನು" ಎಂದಳು.

ಟೀಚರಮ್ಮನಿಗೆ ನಗು ಬಂತೋ ಅಳು ಬಂತೋ, ಅವಳ ಮುಖ ನೋಡಿದವರು ಹೇಳಲಾರರು. "ಹಾಗಾದರೆ ಅಣ್ಣ," ಎಂದಳು ನಿಧಾನವಾಗಿ, "ನೀನು ಇವತ್ತಿನವರೆಗೂ ಪರದೆಯ ಹಿಂದೆ ಓಟು ಹಾಕಿಯೇ ಇಲ್ಲ."

ಅವನು ಪಟ್ಟೆ ಬಟ್ಟೆಯನ್ನು ನೋಡಿದ, ತಂಗಿಯ ಒಡೆದ ದನಿಯನ್ನು ಕೇಳಿದ, ಮೇಜಿನ ಮೇಲೆ ರಾಶಿ ಬಿದ್ದಿದ್ದ ರದ್ದು ಚೀಟಿಗಳನ್ನು ನೋಡಿದ. "ಕೊಡು ಅತ್ತ" ಎಂದು ಚೀಟಿ ಇಸಿದುಕೊಂಡು ಪರದೆಯ ಹಿಂದೆ ಹೋದ.

ಹೋದವನು ಬರಲಿಲ್ಲ.

ಎಲ್ಲರೂ ಕಾದರು. ಪರದೆಯ ಕೆಳಗೆ ಅವನ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು. ಒಮ್ಮೆ ಬಲಗಡೆಗೆ ತಿರುಗಿದವು, ಒಮ್ಮೆ ಎಡಗಡೆಗೆ. ಸಾಲಿನಲ್ಲಿ ಗುಸುಗುಸು ಎದ್ದಿತು, ಗುಸುಗುಸು ಗೊಣಗಾಯಿತು.

"ಏನಣ್ಣ, ಒಳಗೆ ಹಾಸಿಗೆ ಹಾಸಿಕೊಂಡೆಯಾ?" ಎಂದ ಕ್ಷೌರದವನು.

"ಸ್ವಲ್ಪ ತಡೀರಯ್ಯ" ಎಂದು ಒಳಗಿಂದ ದನಿ ಬಂತು. "ಹನ್ನೊಂದು ಜನ ಇದ್ದಾರೆ."

"ಬಿಸಿಲು ಏರ್ತಾ ಇದೆ. ನಮಗೂ ಕೆಲಸ ಇದೆ."

"ಯಾವುದೋ ಒಂದಕ್ಕೆ ಹಾಕಿ ಬನ್ನಿ ಅಂದರೆ," ಎಂದಳು ಅತ್ತಿಗೆ, "ಸೀರೆ ಆರಿಸೋಕೆ ನಾನು ಇಷ್ಟು ಹೊತ್ತು ತಗೊಂಡರೆ ಅಂಗಡಿ ಬಾಗಿಲಲ್ಲೇ ಬಿಟ್ಟು ಹೋಗ್ತಿದ್ದರು."

"ಯಾವುದೋ ಒಂದಕ್ಕೆ ಹಾಕೋದಾದರೆ ಆಗಲೇ ಹಾಕ್ತಿದ್ದೆ ಕಣೇ."

ಸಾಹೇಬನ ಕಡೆಯವನು ಎದ್ದು ನಿಂತ. "ಮೇಡಂ, ಇದು ಸರಿಯಲ್ಲ. ಒಳಗೆ ಏನು ನಡೀತಿದೆ ನೋಡಿ."

"ನೋಡಬಾರದು ಅಂತಲೇ ಪರದೆ ಹಾಕಿರೋದು" ಎಂದಳು ಟೀಚರಮ್ಮ. "ಹೊತ್ತಿನ ಲೆಕ್ಕ ಕಾನೂನಿನಲ್ಲಿಲ್ಲ. ಕೂತ್ಕೊಳ್ಳಿ."

ಅವನು ಕುಳಿತ. ಹಿಂದಿನವರ ಕಡೆಯವನೊಬ್ಬನಿಗೆ ಕೂತ್ಕೊಳ್ಳಿ ಎಂದದ್ದನ್ನೂ, ಅವನು ಕುಳಿತದ್ದನ್ನೂ ಬೀದಿ ನೋಡಿದ್ದು ಅದೇ ಮೊದಲು.

ಒಳಗೆ ಅವನ ಮನಸ್ಸಿನಲ್ಲಿ ಏನು ನಡೆಯಿತೋ ಬಲ್ಲವನು ದೇವರೊಬ್ಬ. ಮನುಷ್ಯ ಒಬ್ಬನೇ ನಿಂತು, ಯಾರ ಮುಖವನ್ನೂ ನೋಡದೆ, ಇದು ಬೇಕು ಇದು ಬೇಡ ಎಂದುಕೊಳ್ಳುವ ಹೊತ್ತು ಪ್ರಾರ್ಥನೆಗೆ ತೀರ ದೂರದ್ದಲ್ಲ. ಕಾಯುವವರಿಗೆ ಅದು ತಿಳಿಯಬೇಕಲ್ಲ. ಅವರು ಬೈದರು. ಹೆದರುವುದನ್ನು ಮರೆತು, ಬಾಯಿ ತುಂಬ ಬೈದರು.

ಕೊನೆಗೆ ಪರದೆ ಸರಿಯಿತು. ಪರದೆಯಣ್ಣ ಹಣೆಯ ಬೆವರೊರೆಸಿಕೊಂಡು ಬಂದು ಮಡಚಿದ ಚೀಟಿಯನ್ನು ಪೆಟ್ಟಿಗೆಗೆ ಬಿಟ್ಟ. ಹಾಲಿನಜ್ಜಿ ಆಗಲೇ ಎದ್ದು ನಿಂತಿದ್ದಳು.

"ನನ್ನ ಇನ್ನೊಂದು ಚೀಟಿ ಕೊಡು ಮಗಳೇ. ಅವನಿಗೆ ಅಷ್ಟು ಹೊತ್ತು ಕೊಟ್ಟಿದ್ದೀಯ, ನನಗೂ ಅಷ್ಟೇ ಬೇಕು."

ಅಜ್ಜಿ ಒಳಗೆ ಹೋಗಿ ಅಭ್ಯರ್ಥಿಗಳ ಚಿತ್ರಗಳನ್ನು ಒಬ್ಬೊಬ್ಬರಂತೆ ಜೋರಾಗಿ ಮಾತಾಡಿಸತೊಡಗಿದಳು. "ಇವನಾ? ಇವನ ಅಮ್ಮ ಹಾಲಿಗೆ ನೀರು ಹಾಕಿದೆ ಅಂತ ಜಗಳ ಆಡಿದ್ದಳು. ಹಾಕಿದ್ದೆ, ಅದು ಬೇರೆ ಮಾತು." ಟೀಚರಮ್ಮ ಓಡಿಹೋಗಿ ಪರದೆಗೆ ಬೆನ್ನು ಕೊಟ್ಟು ನಿಂತು, "ಅಜ್ಜಿ, ಮನಸ್ಸಿನಲ್ಲೇ ಮಾತಾಡಿ" ಎಂದು ಬೇಡಿಕೊಂಡಳು.

ಅಲ್ಲಿಂದ ಮುಂದೆ ಬೇರೆಯೇ ಪಜೀತಿ. ಇಸ್ತ್ರಿಯವನು ಒಳಗೆ ಹೋಗಿ ಬೇರುಬಿಟ್ಟ. ಮುಂಚೆ ಚೀಟಿ ಕಳೆದುಕೊಂಡ ಹೆಂಡತಿ ಎರಡನೆಯದನ್ನು ಎದೆಗೆ ಅವುಚಿಕೊಂಡು ಹೋದಳು. ಗಂಡ ಹೊರಗಿಂದ ಹೆಸರು ಪಿಸುಗುಟ್ಟಿದರೆ, "ನಿಮ್ಮದನ್ನ ನೀವು ನೋಡ್ಕೊಳ್ಳಿ" ಎಂದಳು. ಖಾಲಿ ಚೀಟಿಯನ್ನು ಪೆಟ್ಟಿಗೆಗೆ ಹಾಕಿಬಿಟ್ಟಿದ್ದ ಕ್ಷೌರದವನಿಗೆ ಇನ್ನೊಂದು ಕೊಡಲು ಕಾನೂನಿರಲಿಲ್ಲ. ಪೆಟ್ಟಿಗೆ ಒಡೆದು ತನ್ನದನ್ನು ತೆಗೆದುಕೊಡಿ ಎಂದು ಅವನು ಜಗಳವಾಡಿದ, ಬಾಗಿಲಲ್ಲಿ ಕುಳಿತು ಬಂದವರಿಗೆಲ್ಲ ತನ್ನ ಅನ್ಯಾಯ ಹೇಳಿದ. ಸಾಲು ಕರಗಲೇ ಇಲ್ಲ. ಮುಗಿಯುವ ಹೊತ್ತಿಗೆ ಟೀಚರಮ್ಮ ಗೇಟು ಹಾಕಿಸಿ, ಒಳಗಿದ್ದವರಿಗೆ ಮಾತ್ರ ಅವಕಾಶ ಕೊಟ್ಟಳು. ಕಾಲು ಊದಿದ್ದವು. "ಮುಂಚೆ ಒಳಗೆ ಹೋಗಿ ಹೋಗಿ ಅಂತ ಗಂಟಲು ಹರಿದುಕೊಂಡೆ, ಈಗ ಹೊರಗೆ ಬನ್ನಿ ಬನ್ನಿ ಅಂತ" ಎಂದು ಅತ್ತಿಗೆಯ ಹತ್ತಿರ ಗೋಳಾಡಿದಳು.

ಕೊನೆಯವರೂ ಹಾಕಿ ಹೋದ ಮೇಲೆ ಅಣ್ಣನನ್ನು ಮೂಲೆಗೆ ಕರೆದು ಮೆಲ್ಲಗೆ ಕೇಳಿದಳು. "ಯಾರಿಗೆ ಹಾಕಿದೆ?"

"ಹೇಳಬಾರದು ಅಂತ ನೀನೇ ತಾನೆ ತಾಲೀಮು ಮಾಡಿಸಿದ್ದು?"

"ನಾನು ತಂಗಿ ಕಣೋ."

"ಹೆಂಡತಿಗೇ ಹೇಳಿಲ್ಲ. ಆಗಲೇ ಇವಳು ಮೂರು ಸಲ ಕೇಳಾಯ್ತು." ಅವನು ಕತ್ತು ತುರಿಸಿಕೊಂಡ. "ಸರಿ ಹಾಕಿದೆನೋ ಇಲ್ಲವೋ ಅದೂ ಗೊತ್ತಿಲ್ಲ. ಗುರುತು ಹಾಕಿದ ಮೇಲೆ ಪಕ್ಕದವನೇ ವಾಸಿ ಅನ್ನಿಸ್ತು. ಗೆದ್ದು ಬಂದು ಇವನೂ ನಾಳೆ ಮೀಸೆ ಬಿಟ್ಟರೆ ಏನು ಮಾಡೋದು?"

"ಮುಂದಿನ ಸಲ ಬೇರೆಯವರಿಗೆ ಹಾಕೋದು."

"ಮುಂದಿನ ಸಲ ಇರುತ್ತೆ ಅಂತೀಯಾ?"

ಟೀಚರಮ್ಮ, ಪೆಟ್ಟಿಗೆಗೆ ಅರಗು ಒತ್ತಬೇಕು ಎಂದು ಮೇಜಿನ ಹತ್ತಿರ ಬಂದವಳು, ತನ್ನದೇ ಚೀಟಿ ಇನ್ನೂ ಅಲ್ಲೇ ಇರುವುದನ್ನು ಕಂಡಳು. ಯಾರಿಗೆ ಎಂಬುದನ್ನು ತಿಂಗಳ ಹಿಂದೆಯೇ ತೀರ್ಮಾನಿಸಿದ್ದಳು. "ಒಂದು ನಿಮಿಷ, ಹೋದೆ ಬಂದೆ" ಎಂದು ಬೆಂಚಿನವರಿಗೆ ಹೇಳಿ ಪರದೆಯ ಹಿಂದೆ ಹೋದಳು.

ಬೆಂಚಿನವರು ಕಾದರು. ಅರಗು ಕರಗಿಸಲು ಹಚ್ಚಿದ್ದ ಮೇಣದಬತ್ತಿ ಉರಿಯುತ್ತಿತ್ತು. ಸಾಹೇಬನ ಕಡೆಯವನು ಗಡಿಯಾರ ನೋಡಿಕೊಂಡು ನಿಟ್ಟುಸಿರು ಬಿಟ್ಟ, ಆದರೆ ಏಳಲಿಲ್ಲ.

"ಮನೆಯಲ್ಲಿ ಒಲೆ ಹಚ್ಚೋರು ಯಾರು?" ಎಂದಳು ಅತ್ತಿಗೆ. "ಕರೀರಿ ಅವಳನ್ನ."

ಪರದೆಯಣ್ಣ ಬೆಂಚಿನ ತುದಿಯಲ್ಲಿ ಜಾಗ ಮಾಡಿಕೊಂಡು ಕುಳಿತ.

"ಸುಮ್ಮನಿರು" ಎಂದ. "ಬರ್ತಾಳೆ."